ಕೂಡಿಟ್ಟವರು ಬರೆದಿಡಬೇಕಾದದ್ದು

ಮನೆಯ ಹಿರಿಯರು ಹೋದ ಮೇಲೆ ಅವರ ಕಪಾಟು ಖಾಲಿ ಮಾಡಲು ಮಕ್ಕಳಿಗೆ ಸಿಗುವ ಕಾಲ ತೀರಾ ಕಡಿಮೆ. ತಿಥಿಯೋ ಶಿವಗಣಾರಾಧನೆಯೋ ಮುಗಿಯುತ್ತಿದ್ದಂತೆ ಬೆಂಗಳೂರಿನವರು ಬೆಂಗಳೂರಿಗೆ, ಅಮೆರಿಕದವರು ಅಮೆರಿಕಕ್ಕೆ ಹೊರಡುವ ತರಾತುರಿ. ಆ ಗಡಿಬಿಡಿಯಲ್ಲೇ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ಬೆಳ್ಳಿ ಎಂದು ಕಂಡದ್ದು ಚಿನ್ನಬೆಳ್ಳಿ ಅಂಗಡಿಗೆ, ಕಾಗದ ಎಂದು ಕಂಡದ್ದು ಗುಜರಿಗೆ, ಏನೆಂದೇ ತಿಳಿಯದ್ದು ಮತ್ತೆ ಅಟ್ಟಕ್ಕೆ. ನಲವತ್ತು ವರ್ಷ ಒಂದೊಂದಾಗಿ ಕೂಡಿಟ್ಟದ್ದು ಹೀಗೆ ಒಂದೇ ವಾರದಲ್ಲಿ ಚದುರಿಹೋಗುತ್ತದೆ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಯಾವುದು ಏನು ಎಂದು ಬಲ್ಲವರು ಆ ಮನೆಯಲ್ಲಿ ಒಬ್ಬರೇ ಇದ್ದರು, ಅವರು ಒಂದು ಸಾಲೂ ಬರೆದಿಡಲಿಲ್ಲ.

ಈ ಲೇಖನ ಬರೆದಿಡಬೇಕಾದ ಆ ಒಬ್ಬರಿಗಾಗಿ. ಮಕ್ಕಳು ಓದಿದರೂ ನಷ್ಟವಿಲ್ಲ.

ನಮ್ಮ ಜಿಲ್ಲೆಯ ಮನೆಗಳಲ್ಲಿ ಸಂಗ್ರಹ ಎಂದರೆ ಕೋಟಿ ಬೆಲೆಯ ವರ್ಣಚಿತ್ರವಲ್ಲ. ತುಮಕೂರು ನಗರದಲ್ಲಿ ಅದು ಎಷ್ಟೋ ಸಲ ಎಚ್‌ಎಂಟಿ ವಾಚು. ಇಲ್ಲಿನ ವಾಚ್ ಫ್ಯಾಕ್ಟರಿ ಶುರುವಾದದ್ದು 1978ರಲ್ಲಿ. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿದ್ದು 2016ರ ಜನವರಿಯಲ್ಲಿ. ಕಾರ್ಖಾನೆಯ ಜಾಗ ಈಗ ಇಸ್ರೋ ಪಾಲಾಗಿದೆ. ಅಲ್ಲಿ ದುಡಿದವರ, ಅವರಿಂದ ಕೊಂಡವರ ಮನೆಗಳಲ್ಲಿ ಜನತಾ, ಪೈಲಟ್, ಸೋನಾ, ಕೋಹಿನೂರ್, ಮದುವೆಯ ಉಡುಗೊರೆಯಾಗಿ ಬಂದ ಕಾಂಚನ್ ಇನ್ನೂ ಇವೆ. ಕಂಪನಿ ಮುಚ್ಚಿದ ಮೇಲೆ ಇವಕ್ಕೆ ಗಿರಾಕಿ ಹೆಚ್ಚಿದರು, ಜೊತೆಗೆ ಮೋಸವೂ ಹೆಚ್ಚಿತು. ಎಚ್‌ಎಂಟಿ ಎಂದೂ ಮಾಡದ ಬಣ್ಣಗಳಲ್ಲಿ ಡಯಲ್‌ಗೆ ಹೊಸ ಪೇಂಟು ಹೊಡೆದದ್ದು, ಮೂರು ವಾಚಿನ ಭಾಗ ಸೇರಿಸಿ ಒಂದು ಮಾಡಿದ್ದು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಹಾಗಾಗಿ ಬಲ್ಲ ಗಿರಾಕಿ ಮೊದಲು ಕೇಳುವುದು ಡಬ್ಬಿ, ಗ್ಯಾರಂಟಿ ಕಾರ್ಡು, ಬಿಲ್ಲು ಇದೆಯೇ ಎಂದು. ಮಕ್ಕಳು ಮೊದಲು ಎಸೆಯುವುದೂ ಅವನ್ನೇ. ಡಬ್ಬಿಯೊಳಗೆ ಒಂದು ಚೀಟಿ ಇಡಿ: ಯಾರು ಕೊಟ್ಟದ್ದು, ಯಾವ ಇಸವಿ, ಡಯಲ್ ಬದಲಿಸಿದ್ದೀರೋ ಇಲ್ಲವೋ, ಕೊನೆಗೆ ಸರ್ವೀಸ್ ಆದದ್ದು ಯಾವಾಗ. ಕ್ವಾರ್ಟ್ಜ್ ವಾಚಾದರೆ ಸೆಲ್ಲು ತೆಗೆದಿಡಿ, ಸೋರಿದರೆ ಒಳಗಿನ ಯಂತ್ರವನ್ನೇ ತಿಂದುಹಾಕುತ್ತದೆ.

ನಾಣ್ಯದ ವಿಷಯ ಇನ್ನೂ ಸೂಕ್ಷ್ಮ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಪುಟ್ಟ ಆನೆ ಹಂದಿಯ ಹಾಗೆ ಕಂಡು ದೊಡ್ಡ ಗದ್ದಲವಾಗಿತ್ತು. ಚಲಾವಣೆ ನಿಲ್ಲಿಸಿ, ಮರುವರ್ಷ ಆನೆಯ ಚಿತ್ರ ತಿದ್ದಿ ಹೊಸದಾಗಿ ಟಂಕಿಸಿದರು. ಈಗ 1911ರ ಒಂದು ರೂಪಾಯಿ, 1918ರ ಒಂದು ರೂಪಾಯಿ ಅಕ್ಕಪಕ್ಕ ಇಟ್ಟು ನೋಡಿ. ತೂಕ ಎರಡೂ ಒಂದು ತೊಲ, ಸುಮಾರು 11.66 ಗ್ರಾಂ. ಬೆಳ್ಳಿಯ ಪ್ರಮಾಣವೂ ಒಂದೇ. ಅಂಗಡಿಯವನ ತಕ್ಕಡಿಗೆ ಅವೆರಡರಲ್ಲಿ ಭೇದವೇ ಇಲ್ಲ, ಸಂಗ್ರಾಹಕರಿಗೆ ಮಾತ್ರ ಅಜಗಜಾಂತರ. ಅಪ್ಪ ಬರೆದಿಡದಿದ್ದರೆ ಮಗ ತಕ್ಕಡಿಯವನ ಮಾತನ್ನೇ ನಂಬುತ್ತಾನೆ, ಬೇರೆ ದಾರಿ ಅವನಿಗೆ ಗೊತ್ತಿಲ್ಲ.

ಟಿಪ್ಪುವಿನ ಆನೆ ಇರುವ ತಾಮ್ರದ ಕಾಸು, ಮುಮ್ಮಡಿ ಕೃಷ್ಣರಾಜ ಒಡೆಯರ ಸಿಂಹದ ಕಾಸು ಹಳೇ ಮೈಸೂರಿನ ಈ ಭಾಗದ ಮನೆಗಳಲ್ಲಿ ಅಪರೂಪವೇನಲ್ಲ. ಅವಕ್ಕೆ ಕಾದಿರುವ ದೊಡ್ಡ ಗಂಡಾಂತರ ಹುಣಸೆಹಣ್ಣು. ಮಾರುವ ಮುಂಚೆ ಫಳಫಳ ಹೊಳೆಯಲಿ ಎಂದು ಯಾರೋ ಪುಣ್ಯಾತ್ಮರು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುತ್ತಾರೆ. ನೂರಾರು ವರ್ಷದಲ್ಲಿ ಕೂತ ಕಂದು ಪದರ ಐದು ನಿಮಿಷದಲ್ಲಿ ಹೋಗುತ್ತದೆ, ಬೆಲೆಯೂ ಅದರ ಜೊತೆಗೇ. ‘ತೊಳೆಯಬೇಡಿ, ತಿಕ್ಕಬೇಡಿ’ ಎಂದು ಡಬ್ಬಿಯ ಮುಚ್ಚಳದ ಮೇಲೇ ದಪ್ಪಕ್ಷರದಲ್ಲಿ ಬರೆಯಿರಿ. ಮೆತ್ತಗಿನ, ಘಾಟು ವಾಸನೆಯ ಪಿವಿಸಿ ಆಲ್ಬಮ್‌ಗಳಿಂದಲೂ ನಾಣ್ಯಗಳನ್ನು ಬಿಡಿಸಿ. ಅವುಗಳಲ್ಲಿ ಕೆಲವು ವರ್ಷ ಇದ್ದರೆ ತಾಮ್ರದ ಮೇಲೆ ಹಸಿರು ಜಿಗುಟು ಏಳುತ್ತದೆ. ಅಂಚೆಚೀಟಿ ಕೂಡಿಸುವವರಿಗೆ ಹೇಳಬೇಕಾದದ್ದು ಒಂದೇ ಮಾತು: ಹಳೆಯ ಲಕೋಟೆಯಿಂದ ಚೀಟಿ ಕತ್ತರಿಸಬೇಡಿ. 1889ರಲ್ಲಿ ಬ್ರಿಟಿಷ್ ಅಂಚೆಯಲ್ಲಿ ಲೀನವಾದ ನಮ್ಮ ಮೈಸೂರು ಅಂಚೆಯ ಕಾಲದ ಕಾಗದವೇನಾದರೂ ಇದ್ದರೆ ಅದರ ಜೀವವೆಲ್ಲ ಮುದ್ರೆಯಲ್ಲಿ, ವಿಳಾಸದಲ್ಲಿ, ಮಡಿಕೆಯಲ್ಲಿ ಇರುತ್ತದೆ.

ಗುಬ್ಬಿಗೆ ಬಂದರೆ ಮಾತು ನಾಟಕದ ಕಡೆ ಹೊರಳಲೇಬೇಕು. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ, ಅದನ್ನು ನಾಡಿನಾಚೆಗೂ ಹೆಸರಾಗಿಸಿದ ಗುಬ್ಬಿ ವೀರಣ್ಣ, ಅವರ ಬಳಿ ಬಣ್ಣ ಹಚ್ಚಿ ಮುಂದೆ ಸಿನಿಮಾಕ್ಕೆ ಹೋದ ದೊಡ್ಡ ದಂಡು. ಆ ಕಾಲದ ಕರಪತ್ರ, ನಾಟಕದ ಹಾಡಿನ ಪುಸ್ತಿಕೆ, ಟಿಕೆಟ್ಟು, ಗ್ರಾಮಫೋನ್ ಪ್ಲೇಟು, ಕ್ಯಾಂಪಿನ ಗುಂಪುಫೋಟೋ ಯಾರಾದರೂ ಕೂಡಿಟ್ಟಿದ್ದರೆ ಅದರ ಬೆಲೆ ಹಣಕ್ಕಿಂತ ಬೇರೆಯದು. ಕರಪತ್ರ ಎಂದರೆ ರಾತ್ರಿ ಆಟ ನೋಡಿ ಬೆಳಿಗ್ಗೆ ಬಿಸಾಡಲೆಂದೇ ಅಚ್ಚು ಹಾಕಿಸಿದ್ದು. ವಾರ ಇರುತ್ತದೆ, ಹೊತ್ತು ಇರುತ್ತದೆ, ಟಿಕೆಟ್ಟಿನ ದರ ಇರುತ್ತದೆ, ಇಸವಿ ಇರಬೇಕೆಂದೇನೂ ಇಲ್ಲ. ಇದು ಯಾವ ಊರಿನ ಕ್ಯಾಂಪು, ಯಾವ ವರ್ಷ ಎಂದು ಪಾತ್ರಧಾರಿಗಳ ಪಟ್ಟಿ ನೋಡಿ ಹೇಳಬಲ್ಲವರು ಈಗ ಬೆರಳೆಣಿಕೆ. ಪಟ್ಟಿಯ ಕೊನೆಯಲ್ಲೆಲ್ಲೋ ಮುತ್ತುರಾಜ್ ಎಂಬ ಹೆಸರಿದ್ದರೆ ಅದು 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಆದವರ ಹೆಸರೂ ಆಗಿರಬಹುದು ಎಂದು ಇಂದಿನ ಮೊಮ್ಮಗನಿಗೆ ಹೊಳೆಯುವುದು ಹೇಗೆ? ನೀವು ಪೆನ್ಸಿಲ್ಲಿನಲ್ಲಿ ಹಿಂಬದಿಗೆ ಬರೆದರೆ ಹೊಳೆಯುತ್ತದೆ. ಪೆನ್ನು ಬೇಡ, ಶಾಯಿ ಮುಂದೆ ಇಳಿಯುತ್ತದೆ. ಹರಿದ ಕಡೆ ಸೆಲ್ಲೋಟೇಪ್ ಹಚ್ಚಬೇಡಿ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಒಮ್ಮೆ ಮಾಡಿದರೆ ಬಿಡಿಸಲು ಬಾರದು. ಆ ಅಂಗಡಿಗೆ ಹೋಗುವ ಹಣದಲ್ಲಿ ಒಳ್ಳೆಯ ಸ್ಕ್ಯಾನ್ ಮಾಡಿಸಿಡಿ. ಗ್ರಾಮಫೋನ್ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ.

ಕುಣಿಗಲ್ ಕಡೆ ಎರಡು ಬಗೆ. ಒಂದು, ಟಿಪ್ಪು ಕಾಲದ ಕುದುರೆ ಫಾರಂನ ಸುತ್ತ ಬೆಳೆದ ನೆನಪುಗಳು: ರೇಸಿನ ಫೋಟೋ, ಬಹುಮಾನದ ಕಪ್ಪು, ಲಾಳ. ಫೋಟೋದಲ್ಲಿರುವ ಕುದುರೆಯ ಹೆಸರು, ಹಗ್ಗ ಹಿಡಿದು ನಿಂತವರು ಯಾರು ಎಂಬುದು ತಿಳಿಯದಿದ್ದರೆ ಅದು ಯಾವುದೋ ಒಂದು ಕುದುರೆಯ ಫೋಟೋ, ಅಷ್ಟೇ. ಇನ್ನೊಂದು, ಓಲೆಗರಿ ಮತ್ತು ಕಡತ. ತೋಂಟದ ಸಿದ್ಧಲಿಂಗ ಯತಿಗಳ ಎಡೆಯೂರು ಇರುವ ತಾಲ್ಲೂಕಿದು. ಓಲೆಯ ಕಟ್ಟು ದೇವರ ಗೂಡಿನಲ್ಲಿ ಇಟ್ಟು ಪೂಜೆ ಮಾಡುವ ಮನೆಗಳಿದ್ದರೆ ಆಶ್ಚರ್ಯವಿಲ್ಲ. ಪೂಜೆ ಮಾಡಿ, ಆದರೆ ಗರಿಯ ಮೇಲೆ ಅರಿಶಿನ ಕುಂಕುಮ ಬೀಳದಂತೆ ಬಟ್ಟೆ ಸುತ್ತಿ ಮಾಡಿ. ಅದರಲ್ಲಿ ಏನಿದೆ ಎಂದು ಒಮ್ಮೆ ಓದಿಸಿ. ಕೌಟಿಲ್ಯನ ಅರ್ಥಶಾಸ್ತ್ರ ಇಡೀ ಜಗತ್ತಿಗೆ ಮತ್ತೆ ಸಿಕ್ಕಿದ್ದು ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂದುಕೊಟ್ಟ ಓಲೆ ಕಟ್ಟಿನಿಂದ. 1905ರಲ್ಲಿ ಅದನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಮೈಸೂರಿನ ಆ ಸಂಸ್ಥೆ ಈಗ ಪ್ರಾಚ್ಯವಿದ್ಯಾ ಸಂಶೋಧನಾಲಯ. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಬೆಂಗಳೂರಿನ ಬಿ.ಎಂ.ಶ್ರೀ. ಸ್ಮಾರಕ ಪ್ರತಿಷ್ಠಾನಗಳಲ್ಲೂ ಹಸ್ತಪ್ರತಿ ಓದಬಲ್ಲವರಿದ್ದಾರೆ.

ಇಷ್ಟರಲ್ಲಿ ಅಮ್ಮಂದಿರ ಸಂಗ್ರಹ ಎಲ್ಲಿ ಎಂದು ನೀವು ಕೇಳಬಹುದು. ಹಿತ್ತಾಳೆ ಪಾತ್ರೆ, ಕೌದಿ, ಗೌರಿಹಬ್ಬದ ಬಾಗಿನದ ಮೊರ, ದಸರೆಯ ಗೊಂಬೆ. ಯಾರೂ ಅದನ್ನು ಸಂಗ್ರಹ ಎಂದು ಕರೆಯುವುದಿಲ್ಲ, ಆದರೆ ಅಕ್ಕತಂಗಿಯರ ಮನಸ್ತಾಪ ಶುರುವಾಗುವುದು ಬಹಳ ಸಲ ಅಲ್ಲಿಂದಲೇ. ಕೆಳಗೆ ಹೇಳುವುದೆಲ್ಲ ಅದಕ್ಕೂ ಅನ್ವಯ.

ಒಂದು ನೋಟ್‌ಬುಕ್ಕು

ಕಂಪ್ಯೂಟರ್ ಬಲ್ಲವರು ಎಕ್ಸೆಲ್‌ನಲ್ಲಿ ಮಾಡಲಿ, ನನ್ನ ಮತ ಮಾತ್ರ ಇನ್ನೂರು ಪುಟದ ಗಟ್ಟಿ ರಟ್ಟಿನ ನೋಟ್‌ಬುಕ್ಕಿಗೆ. ಪಾಸ್‌ವರ್ಡ್ ಮರೆತುಹೋಗುವ ಭಯ ಅದಕ್ಕಿಲ್ಲ. ಒಂದು ವಸ್ತುವಿಗೆ ಒಂದು ನಂಬರ್, ಅದೇ ನಂಬರ್ ಡಬ್ಬಿಯ ಮೇಲೂ. ಒಂದು ನಮೂನೆ ನೋಡಿ:

“ನಂ. 37. ತಾಮ್ರದ ಕಾಸು. ಸಿಂಹ, ಕನ್ನಡ ಅಕ್ಷರ. ಮುಮ್ಮಡಿಯವರ ಕಾಲದ್ದು. 1994ರಲ್ಲಿ ಗುಬ್ಬಿಯಲ್ಲಿ ಪಾತ್ರೆ ವ್ಯಾಪಾರಿಯಿಂದ 40 ರೂಪಾಯಿಗೆ. ಅಂಚು ಸ್ವಲ್ಪ ಸವೆದಿದೆ. ತೊಳೆದಿಲ್ಲ. ನೀಲಿ ಆಲ್ಬಮ್ಮು, ಪುಟ 4. ನಂ. 38, 39 ಇಂಥವೇ, ಆದರೆ ಸಾಧಾರಣ. ಮಾರುವುದಾದರೆ ಅವನ್ನು ಮೊದಲು ಮಾರಿ, ಇದನ್ನು ಕೊನೆಗೆ.”

ಐದಾರು ಸಾಲು ಸಾಕು. ಎಲ್ಲವನ್ನೂ ಹೀಗೆ ಬರೆಯಲು ಕೂತರೆ ಕೈ ಸೋಲುತ್ತದೆ, ಆಮೇಲೆ ನೋಟ್‌ಬುಕ್ಕೂ ಅಟ್ಟ ಸೇರುತ್ತದೆ. ಸಂಗ್ರಹದ ಬೆಲೆಯೆಲ್ಲ ಕೆಲವೇ ವಸ್ತುಗಳಲ್ಲಿ ಇರುತ್ತದೆ, ಅವು ಯಾವುವು ಎಂದು ನಿಮಗೆ ಗೊತ್ತು. ಅವನ್ನು ಮೊದಲು ಬರೆಯಿರಿ, ಮೊಬೈಲಿನಲ್ಲಿ ಎರಡೂ ಬದಿ ಫೋಟೋ ತೆಗೆಯಿರಿ. ಉಳಿದದ್ದಕ್ಕೆ “ಕೆಂಪು ಡಬ್ಬಿ: ಸ್ವಾತಂತ್ರ್ಯಾನಂತರದ ಚಿಲ್ಲರೆ ನಾಣ್ಯ, ವಿಶೇಷವಿಲ್ಲ” ಎಂದರೆ ಮುಗಿಯಿತು. ವಿಶೇಷವಿಲ್ಲ ಎಂದು ಬರೆಯುವುದೂ ಉಪಕಾರವೇ. ಇಲ್ಲದಿದ್ದರೆ ಮಕ್ಕಳು ಆ ಡಬ್ಬಿ ಹೊತ್ತು ಬೆಂಗಳೂರಿನ ಬೀದಿ ಬೀದಿ ಅಲೆಯುತ್ತಾರೆ.

ಬೆಲೆ ಬರೆಯುವುದಾದರೆ ತಾರೀಖು ಹಾಕಿ, ಅದು ಎಲ್ಲಿಯ ಬೆಲೆ ಎಂದೂ ಹಾಕಿ. ಕರಗಿಸಿದರೆ ಬರುವ ಬೆಲೆ ಬೇರೆ, ವ್ಯಾಪಾರಿ ಕೊಡುವ ಬೆಲೆ ಬೇರೆ, ಹರಾಜಿನಲ್ಲಿ ಏಳುವ ಬೆಲೆ ಬೇರೆ. ಆನ್‌ಲೈನ್‌ನಲ್ಲಿ ಯಾರೋ ಹಾಕಿಕೊಂಡ ಬೆಲೆ ಈ ಮೂರರಲ್ಲಿ ಯಾವುದೂ ಅಲ್ಲ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷ ಕೊಡುತ್ತೇವೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಕತೆಗಳ ಹಿಂದೆ ‘ನೋಂದಣಿ ಶುಲ್ಕ’ ಕೀಳುವ ಜಾಲವಿದೆ. ಹಳೆಯ ನೋಟು ನಾಣ್ಯ ಕೊಳ್ಳುವ ಮಾರುವ ವ್ಯವಹಾರ ತನ್ನದಲ್ಲ, ಅದಕ್ಕೆ ಶುಲ್ಕ ಕಮಿಷನ್ ಯಾವುದನ್ನೂ ತಾನು ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ತಂದೆಯನ್ನು ಕಳೆದುಕೊಂಡ ಹೊಸತರಲ್ಲಿ ಇಂಥ ಕರೆಗೆ ಬೀಳುವುದು ಸುಲಭ; ಈ ಮಾತನ್ನೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.

‘ಮಾರಬೇಡಿ’ ಎನ್ನಬೇಡಿ

“ನಾನು ಹೋದ ಮೇಲೂ ಇದೊಂದನ್ನೂ ಮಾರಬೇಡಿ” ಎನ್ನುವ ಹಿರಿಯರಿದ್ದಾರೆ. ನನಗೆ ಒಪ್ಪಿಗೆಯಿಲ್ಲದ ಮಾತು ಅದು. ಹುಚ್ಚು ನಿಮ್ಮದು, ಖುಷಿಯೂ ನಿಮ್ಮದಾಗಿತ್ತು. ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ಇರುವ ಮಗಳು ನಾನೂರು ಗಡಿಯಾರವನ್ನು ಎಲ್ಲಿಡಬೇಕು? ಮಾರಿದರೆ ಅಪ್ಪನ ಮಾತು ಮೀರಿದ ಅಳುಕು, ಇಟ್ಟುಕೊಂಡರೆ ಗಂಡನ ಮನೆಯವರ ಗೊಣಗಾಟ. ಅದರ ಬದಲು ಒಂದು ಭಾನುವಾರ ಎಲ್ಲರನ್ನೂ ಕೂರಿಸಿ ಕೇಳಿಬಿಡಿ.

“ಇದರಲ್ಲಿ ನಿನಗೆ ಯಾವುದು ಬೇಕಮ್ಮ?”

“ಅಣ್ಣಾ, ಬೇಜಾರು ಮಾಡ್ಕೋಬೇಡಿ, ನನಗೆ ಆ ಪೈಲಟ್ ವಾಚ್ ಒಂದು ಸಾಕು. ನೀವು ಅದನ್ನ ಕಟ್ಕೊಂಡೇ ಅಲ್ವಾ ನನ್ನ ಸ್ಕೂಲಿಗೆ ಬಿಡ್ತಿದ್ದಿದ್ದು.”

ಇಂಥ ಉತ್ತರಕ್ಕೆ ಬೇಜಾರಾಗುವುದು ನಿಜ. ಆದರೆ ಉಳಿದ ಮುನ್ನೂರ ತೊಂಬತ್ತೊಂಬತ್ತರ ದಾರಿ ಅಲ್ಲಿಗೆ ಸ್ಪಷ್ಟವಾಯಿತು. ಬೇಕೆಂದವರಿಗೆ ಬೇಕಾದದ್ದನ್ನು ಬದುಕಿರುವಾಗಲೇ ಕೈಗೆ ಕೊಟ್ಟುಬಿಡಿ. ಚರವಸ್ತುವಿನ ದಾನಕ್ಕೆ ರಿಜಿಸ್ಟರ್ ಆದ ಪತ್ರ ಬೇಕೇಬೇಕೆಂದಿಲ್ಲ. ಕೊಟ್ಟು, ಅವರು ಪಡೆದುಕೊಂಡರೆ ಕಾನೂನಿಗೆ ಅಷ್ಟು ಸಾಕು. ನಾಳೆ ಮಾತು ಬರದಿರಲಿ ಎಂದು ಒಂದು ಸಹಿ ಹಾಕಿದ ಕಾಗದ ಇರಲಿ.

ಮಾರಬೇಕಾದದ್ದನ್ನೂ ಸಾಧ್ಯವಾದರೆ ನೀವೇ ಮಾರಿ. ನಿಮಗೆ ವ್ಯಾಪಾರಿಗಳ ಪರಿಚಯವಿದೆ, ಚೌಕಾಸಿ ಗೊತ್ತಿದೆ. ಆಗದಿದ್ದರೆ ಯಾರನ್ನು ಕೇಳಬೇಕು, ಯಾರ ಹತ್ತಿರ ಹೋಗಲೇಬಾರದು ಎಂದು ಬರೆದಿಡಿ. ಎರಡನೆಯ ಪಟ್ಟಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬೆಂಗಳೂರಿನಲ್ಲಿ ಕನ್ನಡನಾಡು ನಾಣ್ಯ ಸಂಘ ನಡೆಸುವ ‘ನಾಣ್ಯದರ್ಶಿನಿ’ ಪ್ರದರ್ಶನ, 1975ರಿಂದ ಇರುವ ಕರ್ನಾಟಕ ಫಿಲಾಟೆಲಿಕ್ ಸೊಸೈಟಿ, ಅಂಚೆ ಇಲಾಖೆಯ ‘ಕರ್ನಾಪೆಕ್ಸ್’ ಇವೆಲ್ಲ ನಾಲ್ಕು ಜನ ಬಲ್ಲವರ ಅಭಿಪ್ರಾಯ ಒಂದೇ ದಿನ ಸಿಗುವ ಜಾಗಗಳು. ಒಬ್ಬರ ಮಾತು ಕೇಳಿ ಮಾರಬಾರದು ಎಂಬ ಒಂದು ನಿಯಮ ಮಕ್ಕಳಿಗೆ ಹಾಕಿ, ಬೇರೆ ನಿಯಮ ಬೇಡ. ಅಂಚೆಚೀಟಿಯವರಿಗೆ ಒಂದು ಕಹಿ ಮಾತು: ಕಳೆದ ಮೂರು ನಾಲ್ಕು ದಶಕಗಳ ಹೊಸ ಚೀಟಿಗಳಿಗೆ ಬಹುಪಾಲು ಮುಖಬೆಲೆ ಬಂದರೆ ಹೆಚ್ಚು. 1948ರ ಗಾಂಧಿ ಚೀಟಿಯ ಹತ್ತು ರೂಪಾಯಿಯದ್ದು ನಿಮ್ಮಲ್ಲಿದ್ದರೆ ಅದರ ಮಾತು ಬೇರೆ.

ಸಂಸ್ಥೆಗೆ ಕೊಡುವುದಾದರೆ

ಮಠಕ್ಕೋ ಕಾಲೇಜಿಗೋ ಮ್ಯೂಸಿಯಮ್ಮಿಗೋ ಕೊಟ್ಟರೆ ಶಾಶ್ವತವಾಗಿ ಉಳಿಯುತ್ತದೆ ಎಂಬ ನಂಬಿಕೆ ಅರ್ಧ ನಿಜ. ಮಣಿಪಾಲದ ವಿಜಯನಾಥ ಶೆಣೈ ಅವರನ್ನು ನೆನೆಯಿರಿ. ಕೆಡವುತ್ತಿದ್ದ ಹಳೆಯ ಮನೆಗಳ ಕಂಬ, ಬಾಗಿಲು, ಪಾತ್ರೆ ಪಗಡಿ ಕೂಡಿಸಿದವರು ಅವರು. ಮೊದಲು ಸ್ವಂತ ಮನೆಯನ್ನೇ ಸಂಗ್ರಹಾಲಯ ಮಾಡಿದರು, ಆಮೇಲೆ ಹಸ್ತಶಿಲ್ಪ ಟ್ರಸ್ಟ್ ಕಟ್ಟಿ ಹೆರಿಟೇಜ್ ವಿಲೇಜ್ ಬೆಳೆಸಿದರು. 2017ರ ಮಾರ್ಚ್‌ನಲ್ಲಿ ಅವರು ತೀರಿಕೊಂಡಾಗ ಅದು ಮಕ್ಕಳ ಹೆಗಲ ಮೇಲಿನ ಹೊರೆಯಾಗಿರಲಿಲ್ಲ, ಟ್ರಸ್ಟಿನದಾಗಿತ್ತು. ಬೆಂಗಳೂರಿನಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೋಗ್ರಫಿಯ ಬುನಾದಿಯೂ ಅಭಿಷೇಕ್ ಪೊದ್ದಾರ್ ಎಂಬ ಸಂಗ್ರಾಹಕರು ಬದುಕಿರುವಾಗಲೇ ಕೊಟ್ಟದ್ದು. ಇನ್ನೊಂದು ಕಡೆ ಪಾಂಡವಪುರದ ಬಳಿಯ ಹರಳಹಳ್ಳಿಯಲ್ಲಿ ಅಂಕೇಗೌಡರ ‘ಪುಸ್ತಕ ಮನೆ’ ಇದೆ. ಅದಕ್ಕಾಗಿ ಅವರು ಮೈಸೂರಿನ ಆಸ್ತಿಯನ್ನೇ ಮಾರಿದರು. ಸ್ವಂತ ಮ್ಯೂಸಿಯಂ ಕನಸು ಕಾಣುವವರು ಇಂಥ ಕಡೆ ಒಮ್ಮೆ ಹೋಗಿ, ಕರೆಂಟ್ ಬಿಲ್ಲು ಯಾರು ಕಟ್ಟುತ್ತಾರೆ, ಧೂಳು ಯಾರು ಒರೆಸುತ್ತಾರೆ ಎಂದು ಕೇಳಿ ಬರುವುದು ಒಳ್ಳೆಯದು.

ಸಂಸ್ಥೆಗೆ ಹೇಳದೆ ಕೇಳದೆ ಉಯಿಲಿನಲ್ಲಿ ಅದರ ಹೆಸರು ಬರೆಯಬೇಡಿ. ಮೊದಲು ಪಟ್ಟಿ ಕಳಿಸಿ, ಬೇಕೇ ಎಂದು ಕೇಳಿ. ಅವರಲ್ಲಿ ಈಗಾಗಲೇ ಇರುವುದನ್ನು ಮತ್ತೆ ಪಡೆದುಕೊಳ್ಳುವುದಿಲ್ಲ, ಎಲ್ಲವನ್ನೂ ಸದಾ ಪ್ರದರ್ಶಿಸಬೇಕೆಂಬ ಷರತ್ತನ್ನು ಒಪ್ಪುವುದೂ ಇಲ್ಲ. ಕೊಟ್ಟ ಮೇಲೆ ಪ್ರತಿ ವಸ್ತುವಿನ ಪಟ್ಟಿಯಿರುವ, ಮೊಹರಿನ ಸ್ವೀಕೃತಿ ಪತ್ರ ಪಡೆಯಿರಿ. ಮುಖ್ಯಸ್ಥರು ಬದಲಾದ ದಿನ ನೆರವಿಗೆ ಬರುವುದು ಆ ಪತ್ರ ಮಾತ್ರ. ಕಾಗದದ ಸಂಗ್ರಹವಾದರೆ ರಾಜ್ಯ ಪತ್ರಾಗಾರ ಇಲಾಖೆಯನ್ನು ಕೇಳಬಹುದು. ಹಳೆಯ ಕನ್ನಡ ಪುಸ್ತಕ ಪುಸ್ತಿಕೆಗಳನ್ನು ಡಿಜಿಟಲ್ ಮಾಡುವ ಸಂಚಯ, ಸರ್ವೆಂಟ್ಸ್ ಆಫ್ ನಾಲೆಡ್ಜ್ ತಂಡದವರೂ ಬೆಂಗಳೂರಿನಲ್ಲಿದ್ದಾರೆ. ಎಚ್‌ಎಂಟಿಯ ಸ್ವಂತ ಹೆರಿಟೇಜ್ ಮ್ಯೂಸಿಯಂ ಜಾಲಹಳ್ಳಿಯಲ್ಲಿದೆ.

ಕಾನೂನು ಎಲ್ಲಿ ಅಡ್ಡ ಬರುತ್ತದೆ

ತೊಟ್ಟಿಮನೆಯ ಬಾಗಿಲ ಮೇಲಿನ ಜಿಂಕೆ ಕೊಂಬು, ತಾತ ಬೇಟೆಯಾಡಿದ ಚರ್ಮ, ಮಗುವಿನ ಕೊರಳಿನ ಹುಲಿಯುಗುರು. ಇವು ಸಂಗ್ರಹವಲ್ಲ, ಮೊಕದ್ದಮೆ. 2023ರ ಅಕ್ಟೋಬರ್‌ನಲ್ಲಿ ಹುಲಿಯುಗುರಿನ ಪದಕ ಎಷ್ಟು ಮನೆಗಳ ನಿದ್ದೆ ಕೆಡಿಸಿತು ಎಂದು ಎಲ್ಲರಿಗೂ ನೆನಪಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಡೆತನದ ಪ್ರಮಾಣಪತ್ರ ಇರುವವರಿಂದ ವಾರಸುದಾರಿಕೆಯಲ್ಲಿ ಇಂಥದ್ದು ಬಂದರೂ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಬೇಕು. ಮಾರುವಂತಿಲ್ಲ. ಪ್ರಮಾಣಪತ್ರವೇ ಇಲ್ಲದಿದ್ದರೆ ಮಕ್ಕಳಿಗೆ ಬಿಟ್ಟುಹೋಗಬೇಡಿ. ವಕೀಲರನ್ನು ಕಂಡು, ಅರಣ್ಯ ಇಲಾಖೆಗೆ ಒಪ್ಪಿಸುವ ದಾರಿಯನ್ನು ನೀವೇ ನೋಡಿ. ಲೈಸೆನ್ಸ್ ಇರುವ ಕೋವಿಯೂ ಹಾಗೆಯೇ, ಲೈಸೆನ್ಸ್‌ದಾರರು ಹೋದ ಮೇಲೆ ಅದು ಮನೆಯಲ್ಲಿ ಇರಬೇಕಾದ ವಸ್ತುವಲ್ಲ. ಪೊಲೀಸ್ ಠಾಣೆಯಲ್ಲಿ ಜಮೆ ಮಾಡಿ, ವಾರಸುದಾರರು ಬೇರೆಯಾಗಿ ಅರ್ಜಿ ಹಾಕಬೇಕು.

ನೂರು ವರ್ಷ ದಾಟಿದ ವಿಗ್ರಹ, ಕೆತ್ತನೆ, ನಾಣ್ಯ, ಚಿತ್ರ ಮತ್ತು 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಕಲ್ಲು ಲೋಹದ ವಿಗ್ರಹ, ವರ್ಣಚಿತ್ರ, ಚಿತ್ರವಿರುವ ಹಸ್ತಪ್ರತಿಯಂಥವನ್ನು ನೋಂದಾಯಿಸಿರಬೇಕು, ಕೈ ಬದಲಾದಾಗ ನೋಂದಣಾಧಿಕಾರಿಗೆ ತಿಳಿಸಬೇಕು. ನಾಣ್ಯಕ್ಕೆ ಆ ನೋಂದಣಿ ಇಲ್ಲ, ಆದರೆ ವಿದೇಶಕ್ಕೆ ಒಯ್ಯುವಂತಿಲ್ಲ. ಅಂದರೆ ಮೇಲೆ ಹೇಳಿದ 1911ರ ರೂಪಾಯಿಯನ್ನು ಡಲ್ಲಾಸ್‌ನ ಮಗ ನೆನಪಿಗೆಂದು ಸೂಟ್‌ಕೇಸಿನಲ್ಲಿ ಹಾಕಿಕೊಂಡರೆ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳಬಹುದು. ನೂರು ವರ್ಷದೊಳಗಿನದ್ದಾದರೂ ಹಳೆಯದಾಗಿ ಕಾಣುವ ವಸ್ತುವಿಗೆ ‘ಇದು ಪ್ರಾಚ್ಯವಸ್ತುವಲ್ಲ’ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮೊದಲೇ ಪಡೆಯಬೇಕು. ಹೊರದೇಶದಲ್ಲಿರುವ ಮಕ್ಕಳ ಪಾಲಿಗೆ ಏನು ಬರೆಯಬೇಕೆಂದು ಇದನ್ನು ನೋಡಿಕೊಂಡು ತೀರ್ಮಾನಿಸಿ. ಹೊಲ ಉಳುವಾಗ, ಪಾಯ ತೋಡುವಾಗ ಸಿಕ್ಕಿದ್ದನ್ನು ಸಂಗ್ರಹಕ್ಕೆ ಸೇರಿಸಲೇಬೇಡಿ. ನಿಧಿಯ ಕಾನೂನು ಬೇರೆಯೇ ಇದೆ, ಅದನ್ನು ಸರ್ಕಾರಕ್ಕೆ ತಿಳಿಸಬೇಕು.

ಉಯಿಲಿಗೆ ಸ್ಟ್ಯಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು. ನಿಮ್ಮ ಸಹಿ, ನೀವು ಸಹಿ ಹಾಕಿದ್ದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಪಾಲು ಪಡೆಯುವವರನ್ನೇ ಸಾಕ್ಷಿ ಹಾಕಿಸದಿರುವುದು ಜಾಣತನ. ರಿಜಿಸ್ಟರ್ ಕಡ್ಡಾಯವಲ್ಲ, ಆದರೂ ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಕಡೆ ಉಪನೋಂದಣಾಧಿಕಾರಿ ಕಚೇರಿ ಇರುವಾಗ ಒಂದು ದಿನ ಹೋಗಿ ಮಾಡಿಸಿಬಿಡಿ. ಉಯಿಲಿನಲ್ಲಿ ಪ್ರತಿ ನಾಣ್ಯದ ಹೆಸರು ಬೇಡ. “ನನ್ನ ಸಹಿಯಿರುವ, ಇಷ್ಟು ಪುಟದ ಸಂಗ್ರಹದ ಪುಸ್ತಕದಲ್ಲಿ ನಮೂದಾದ ವಸ್ತುಗಳು” ಎಂದು ತೋರಿಸಿ, ಪ್ರತಿ ಪುಟಕ್ಕೆ ಸಹಿ ಹಾಕಿ. ಉಯಿಲು ಇಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ನಿಮ್ಮ ಸ್ವಯಾರ್ಜಿತ ವಸ್ತುಗಳಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಇದ್ದರೆ ತಾಯಿ, ಎಲ್ಲರಿಗೂ ಸಮಪಾಲು. ಒಂದೇ ಓಲೆ ಕಟ್ಟನ್ನು ಸಮಪಾಲು ಮಾಡುವುದು ಹೇಗೆಂದು ಕಾಯ್ದೆ ಹೇಳುವುದಿಲ್ಲ. ಮುಸ್ಲಿಂ ಮನೆಗಳಲ್ಲಿ ವಾರಸುದಾರರ ಒಪ್ಪಿಗೆಯಿಲ್ಲದೆ ಉಯಿಲು ಮೂರನೇ ಒಂದು ಭಾಗಕ್ಕಿಂತ ಹೆಚ್ಚಿಗೆ ಸಲ್ಲದು, ಹಾಗಾಗಿ ಬದುಕಿರುವಾಗ ಕೊಡುವುದೇ ಸಲೀಸು.

ಪಿತ್ರಾರ್ಜಿತವಾಗಿ ಬಂದದ್ದಕ್ಕೆ ತೆರಿಗೆಯಿಲ್ಲ, ಎಸ್ಟೇಟ್ ಡ್ಯೂಟಿ 1985ರಲ್ಲೇ ಹೋಯಿತು. ಮಾರಿದಾಗ ಮಾತ್ರ ಚಿತ್ರ, ಶಿಲ್ಪ, ಪ್ರಾಚ್ಯಸಂಗ್ರಹದಂಥವುಗಳ ಲಾಭಕ್ಕೆ ತೆರಿಗೆ ಬೀಳುತ್ತದೆ, ಅದರ ಲೆಕ್ಕಕ್ಕೆ ನೀವು ಕೊಂಡ ವರ್ಷ, ಕೊಂಡ ಬೆಲೆ ಬೇಕು. ನೋಟ್‌ಬುಕ್ಕಿನ “1994, 40 ರೂಪಾಯಿ” ಆಡಿಟರ್ ಮುಂದೆ ಉಪಯೋಗಕ್ಕೆ ಬರುವುದು ಆಗ. ಬ್ಯಾಂಕ್ ಲಾಕರಿನಲ್ಲಿ ಇಟ್ಟಿದ್ದರೆ ನಾಮಿನಿ ಯಾರೆಂದು ಒಮ್ಮೆ ನೋಡಿ. ನಾಮಿನಿ ಬಾಗಿಲು ತೆಗೆಸಬಹುದು, ಅಷ್ಟಕ್ಕೇ ಒಳಗಿನದರ ಮಾಲೀಕರಾಗುವುದಿಲ್ಲ. ಇದು ಗೊತ್ತಿಲ್ಲದೆ ಕಿತ್ತಾಡಿದ ಅಣ್ಣತಮ್ಮಂದಿರು ಎಲ್ಲ ಊರಲ್ಲೂ ಇದ್ದಾರೆ. ನೋಟ್‌ಬುಕ್ಕಿನ ಒಂದು ಜೆರಾಕ್ಸ್ ಲಾಕರಿನಲ್ಲಿ, ಒಂದು ಮಗಳ ಹತ್ತಿರ, ಮೂಲ ಪ್ರತಿ ಕಪಾಟಿನ ಮೇಲರೆಯಲ್ಲಿ ಇರಲಿ. ಹೊಸದು ಕೊಂಡಾಗ, ಹಳೆಯದು ಮಾರಿದಾಗ ಮೂರೂ ಕಡೆ ತಿದ್ದಬೇಕಾಗುತ್ತದೆ. ಯುಗಾದಿಗೆ ಮನೆ ಒರೆಸಿ ಸಾರಿಸುವ ಹೊತ್ತಿಗೆ ಆ ಕೆಲಸವನ್ನೂ ಹಾಕಿಕೊಂಡರೆ ಮರೆಯುವುದಿಲ್ಲ.